ವಾರಂಟಿಯೊಳಗಣ ದೋಷ

ಚೆಲುವರಾಜು ಮೇಟಗಳ್ಳಿಯ ಕಾರ್ಖಾನೆಯ ತಪಾಸಣಾ ವಿಭಾಗದಿಂದ ನಿವೃತ್ತರಾದ ದಿನ ಜೊತೆಯವರೆಲ್ಲ ಸೇರಿ ಅವರಿಗೊಂದು ಕೈಗಡಿಯಾರವನ್ನು ಕಾಣಿಕೆಯಾಗಿ ಕೊಟ್ಟರು. ಬ್ಯಾಟರಿಯ ಹಂಗಿಲ್ಲದ ಆಟೋಮ್ಯಾಟಿಕ್ ವಾಚು ಅದು. ತೊಟ್ಟವನ ಕೈ ಆಡಿದಂತೆಲ್ಲ ಒಳಗಿನ ಸ್ಪ್ರಿಂಗು ತಾನೇ ಸುತ್ತಿಕೊಳ್ಳುವಂಥದು. ಆರಿಸಿ ತಂದವರು ಜವರಯ್ಯ. ಚೆಲುವರಾಜು ಕೆಲಸಕ್ಕೆ ಸೇರಿದ ದಿನವೇ ಲೇತು ವಿಭಾಗಕ್ಕೆ ಸೇರಿದವರು. ವಯಸ್ಸಿನಲ್ಲಿ ತುಸು ಹಿರಿಯರಾದುದರಿಂದ ಮೊದಲೇ ನಿವೃತ್ತರಾಗಿ, ನಿವೃತ್ತ ನೌಕರರ ಸಂಘಕ್ಕೆ ಕಾರ್ಯದರ್ಶಿಯಾಗಿದ್ದರು. ಗೆಳೆಯನ ಎಡಗೈಗೆ ವಾಚನ್ನು ತಾವೇ ಕಟ್ಟಿ, "ಇನ್ಮೇಕೆ ಫ್ಯಾಕ್ಟ್ರಿ ಸೈರನ್ ಇಲ್ಲ ಕಣ್ಲಾ ಚೆಲುವ, ಇದ್ನೇ ನೋಡ್ಕಂಡು ಏಳು, ಮಲಿಕ್ಕೊ" ಎಂದರು. ಸಭೆ ನಕ್ಕಿತು. ಚೆಲುವರಾಜು ಅವರ ಕಣ್ಣು ಮಾತ್ರ ತುಂಬಿ ಬಂತು.

ಆರು ತಿಂಗಳು ಕಳೆಯುವುದರೊಳಗೆ ವಾಚು ಹಿಂದೆ ಬೀಳತೊಡಗಿತು. ಬೇರೊಬ್ಬರಾಗಿದ್ದರೆ ಅದನ್ನು ಗಮನಿಸುತ್ತಿದ್ದರೋ ಇಲ್ಲವೋ. ಚೆಲುವರಾಜು ಕೂದಲೆಳೆಯ ವ್ಯತ್ಯಾಸಕ್ಕೂ ಪೀಸನ್ನು ಹಿಂದಿರುಗಿಸಿ ಬಾಳಿದವರು. ಬೆಳಗಿನ ರೇಡಿಯೋ ವಾರ್ತೆಯ ಹೊತ್ತಿಗೆ ಸರಿಯಾಗಿ ಮುಳ್ಳನ್ನು ದಿಟ್ಟಿಸುವುದು ಅವರಿಗೆ ಸಂಧ್ಯಾವಂದನೆಯಷ್ಟೇ ನಿಯತವಾದ ಕರ್ಮವಾಗಿತ್ತು. ಹೀಗಾಗಿ ಒಂದು ದಿನ ಲಕ್ಷ್ಮೀಪುರಂನ ಮನೆಯಿಂದ ಹೊರಟು, ಮಂಡಿ ಮೊಹಲ್ಲಾದ ಮೆಣಸಿನಕಾಯಿ ಮೂಟೆಗಳ ನಡುವೆ ಸೀನುತ್ತ ಸಾಗಿ, ಆ ವಾಚಿನ ಕಂಪನಿಯವರು ವಾರಂಟಿ ಕೆಲಸಕ್ಕೆಂದು ನೇಮಿಸಿದ್ದ ಸವರಿಯಪ್ಪನವರ ಅಂಗಡಿಯನ್ನು ಹತ್ತಿದರು.

ಸವರಿಯಪ್ಪ ವಾಚಿಗೆ ಪೂರ್ತಿ ಕೀ ಕೊಟ್ಟು, ಅದರ ಬಡಿತವನ್ನು ಕೇಳಿ ವೇಗವನ್ನು ತೋರಿಸುವ ಯಂತ್ರದ ಮೇಲಿಟ್ಟರು. ಮಲಗಿಸಿ ನೋಡಿದರು, ನಿಲ್ಲಿಸಿ ನೋಡಿದರು.

"ಇದು ದೋಷ ಅಲ್ಲ ಸಾರ್. ಕೀಲಿ ವಾಚಿಗೆ ಕಂಪ್ನಿಯೋರು ಒಂದು ಲಿಮಿಟ್ಟು ಇಟ್ಟವ್ರೆ. ದಿನಕ್ಕೆ ಹದಿನೈದು ಸೆಕೆಂಡು ಹಿಂದಾದ್ರೂ ಪಾಸು, ಮುಂದಾದ್ರೂ ಪಾಸು. ಇದು ನೋಡಿ, ಒಂಚೂರು ಮುಂದೇ ಐತೆ."

"ನಿಮ್ ಮಿಷನ್ ಮೇಲೆ ಮುಂದಿರ್ಬೋದು. ನನ್ ಕೈ ಮೇಲೆ ಹಿಂದೈತಲ್ಲ. ನಾನೇನು ಮಿಷನ್ ಕಟ್ಕಂಡು ತಿರುಗ್ಲಾ?"

"ಹಂಗಲ್ಲ ಸಾರ್. ಸ್ಪ್ರಿಂಗು ತುಂಬಿದ್ದಾಗ ಒಂದು ನಡೆ, ಸಡಿಲಾದಾಗ ಒಂದು ನಡೆ. ಕೈ ಆಡ್ತಾ ಇದ್ರೇನೇ ಅದು ತುಂಬೋದು. ನೀವು ಜಾಸ್ತಿ ಕೂತೇ ಇರ್ತೀರೇನೋ?"

"ಕೂತಾ? ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ತೀನಿ ಕಣ್ರೀ. ನೀವು ಬನ್ನಿ ಒಂದಿನ, ಅರ್ಧಕ್ಕೇ ಕಲ್ಬೆಂಚು ಹುಡುಕ್ತೀರ."

ಸವರಿಯಪ್ಪ ನಕ್ಕರು. ಮಿತಿಯೊಳಗಿರುವ ವಾಚನ್ನು ಮುಟ್ಟಬಾರದೆಂಬುದು ಕಂಪನಿಯ ನಿಯಮ. ಗಿರಾಕಿ ಒತ್ತಾಯಿಸಿದರೆ ಕೂಲಿ ಪಡೆದು ಹೊಂದಿಸಬೇಕು. ಆದರೆ ಜೀವಮಾನದ ದುಡಿಮೆಗೆ ಸಿಕ್ಕ ಕಾಣಿಕೆಯೊಂದನ್ನು ಹಿಡಿದು ಬಂದ ಹಿರಿಯರಿಂದ ಕೂಲಿ ಕೇಳಲು ಅವರಿಗೆ ಮನಸ್ಸು ಬರಲಿಲ್ಲ. ಇಂಥ ಸಂದರ್ಭಕ್ಕೆ ಆ ಕಸುಬಿನಲ್ಲಿ ಒಂದು ಮೃದುವಾದ ವಾಡಿಕೆಯಿದೆ. ಹಿಂಬದಿಯ ಮುಚ್ಚಳ ತೆಗೆದು, ವೇಗವನ್ನು ಹೊಂದಿಸುವ ಸಣ್ಣ ಕಡ್ಡಿಯನ್ನು ಉಸಿರು ಸೋಕಿದಷ್ಟು ಮುಂದಕ್ಕೆ ಸರಿಸುವುದು. ಕಂಪನಿಗೆ ಲೆಕ್ಕ ಒಪ್ಪಿಸಬೇಕಾದುದರಿಂದ ಚೀಟಿಯಲ್ಲಿ "ನಿಧಾನದ ದೋಷವಿತ್ತು, ವಾರಂಟಿಯಲ್ಲಿ ಸರಿಪಡಿಸಲಾಗಿದೆ" ಎಂದು ಬರೆಯುವುದು. ಸವರಿಯಪ್ಪ ಹಾಗೆಯೇ ಮಾಡಿದರು. ಯಾರಿಗೂ ನಷ್ಟವಿಲ್ಲದ ಸುಳ್ಳೆಂದು ಅವರು ಭಾವಿಸಿದ್ದರು.

ಕೆಲವು ವಾರ ವಾಚು ಸರಿಯಾಗಿ ನಡೆಯಿತು. ಆಮೇಲೆ ಮತ್ತೆ ಹಿಂದೆ ಬಿತ್ತು. ಒಮ್ಮೊಮ್ಮೆ ಬೆಳಗಾಗುವುದರೊಳಗೆ ನಿಂತೇ ಬಿಡುತ್ತಿತ್ತು. ಚೆಲುವರಾಜು ಎರಡನೆಯ ಬಾರಿ ಹೋದಾಗಲೂ ಯಂತ್ರದ ಮೇಲೆ ದೋಷ ಕಾಣಲಿಲ್ಲ. ಸವರಿಯಪ್ಪ ಕಡ್ಡಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿ, ಅದೇ ವಾಕ್ಯವನ್ನು ಬರೆದುಕೊಟ್ಟು, ತೋಚಿದ್ದೊಂದನ್ನು ಆಡಿದರು.

"ಬಾಳ ದಿನ ಷೋಕೇಸಲ್ಲಿ ಬಿದ್ದಿದ್ ಪೀಸಾದ್ರೆ ಒಳಗಡೆ ಎಣ್ಣೆ ಒಣಗಿರ್ತದೆ ಸಾರ್. ಎಲ್ ತಗಂಡಿದ್ದು?"

ಚೆಲುವರಾಜು ಚೀಟಿಯನ್ನು ಜೇಬಿಗಿಟ್ಟುಕೊಂಡರು. ವಾಚು ಕೊಂಡದ್ದು ಜವರಯ್ಯನ ಬೀಗರ ಅಂಗಡಿಯಲ್ಲಿ. ಆ ಸಂಗತಿ ಅವರಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಈವರೆಗೆ ಅದಕ್ಕೊಂದು ಅರ್ಥವಿರಲಿಲ್ಲ. ಮಂಡಿ ಮೊಹಲ್ಲಾದ ಆ ಮೆಟ್ಟಿಲುಗಳನ್ನು ಇಳಿಯುವಷ್ಟರಲ್ಲಿ ಅರ್ಥ ಹುಟ್ಟಿತ್ತು. ಸಂಶಯವೆಂಬುದು ತಾನಾಗಿ ಅಳುಕುವ ಪ್ರಾಣಿ. ಆದರೆ ಅದರ ಕೈಗೆ ಸಾಕ್ಷಿಯಂಥದೇನಾದರೂ ಸಿಕ್ಕಿತೋ, ಅಳುಕು ಬಿಟ್ಟು ಧರ್ಮದ ಮಾತನ್ನೇ ಆಡತೊಡಗುತ್ತದೆ. ಚೆಲುವರಾಜು ಅವರ ಜೇಬಿನಲ್ಲಿ ಈಗ ಎರಡು ಚೀಟಿಗಳಿದ್ದವು.

ಸಂಘದ ಸಭೆ ಮೇಟಗಳ್ಳಿಯ ಸಮುದಾಯ ಭವನದಲ್ಲಿ ನಡೆಯುತ್ತಿತ್ತು. ಅಲ್ಲಿ ಮೈಕಿನ ಏರ್ಪಾಡಿರಲಿಲ್ಲ. ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಪಳಗಿದವರಿಗೆ ಅದು ಬೇಕೆಂದೂ ಅನ್ನಿಸಿರಲಿಲ್ಲ. ಅಧ್ಯಕ್ಷ ವಾಗೀಶ ಅವರು ಮುಂದಿನ ಅವಧಿಗೂ ಜವರಯ್ಯನವರೇ ಕಾರ್ಯದರ್ಶಿಯಾಗಿರಲೆಂದು ಸೂಚಿಸಿದಾಗ ಚೆಲುವರಾಜು ಎದ್ದು ನಿಂತರು.

"ಒಂದ್ ವಿಷ್ಯ ಹೇಳ್ಬುಟ್ಟು ಆಮೇಲೆ ಮಾಡ್ಕಳಿ. ನೀವೆಲ್ಲ ಪ್ರೀತಿಯಿಂದ ನಂಗೆ ಒಂದು ವಾಚ್ ಕೊಟ್ರಿ. ಅದು ವರ್ಷ ತುಂಬೋಕ್ ಮುಂಚೆ ಎರಡು ಸರ್ತಿ ಕೆಟ್ಟೋಯ್ತು. ಕಂಪ್ನಿಯೋನೇ ಬರ್ಕೊಟ್ಟವ್ನೆ ದೋಷ ಅದೆ ಅಂತ, ತಗಳಿ ಓದಿ. ಬೀಗರ ಷೋಕೇಸಲ್ಲಿ ಧೂಳ್ ಹಿಡ್ಕಂಡ್ ಬಿದ್ದಿದ್ದನ್ನ ತಂದು ನಮ್ ಕೈಗೆ ಕಟ್ಟಿದ್ರೆ ಇನ್ನೇನಾಯ್ತದೆ? ನಿಮ್ಮೆಲ್ಲರ ಹೆಸ್ರಲ್ಲಿ ಬೀಗರಿಗೆ ಉಪಕಾರ ಮಾಡ್ಕಂಡ. ಅಷ್ಟೇಯ."

ಭವನದ ಕೊನೆಯ ಬೆಂಚಿನವರೆಗೂ ಪ್ರತಿಯೊಂದು ಅಕ್ಷರವೂ ಮುಟ್ಟಿತು. ಚೀಟಿಗಳು ಕೈಯಿಂದ ಕೈಗೆ ಹೋದವು. ಜವರಯ್ಯ ಅವನ್ನು ಕೇಳಿ ಪಡೆದು, ಕನ್ನಡಕ ಹಾಕಿಕೊಂಡು ಓದಿದರು. ಗೆಳೆಯನ ಮುಖವನ್ನು ಒಮ್ಮೆ ನೋಡಿದರು. ಪಂಚೆಯ ಮಡಿಕೆಯಿಂದ ಸಂಘದ ಬೀರುವಿನ ಬೀಗದ ಕೈ ತೆಗೆದು ವಾಗೀಶರ ಮುಂದಿನ ಮೇಜಿನ ಮೇಲಿಟ್ಟು ಹೊರಟುಹೋದರು. ಆಮೇಲೆ ಅವರು ಸಂಘದ ಕಡೆ ಬರಲಿಲ್ಲ. ಮೌನವಾಗಿ ಎದ್ದುಹೋದವರನ್ನು ತಪ್ಪಿತಸ್ಥರೆಂದು ನಂಬುವುದು ಸುಲಭ. ಬಹಳ ಮಂದಿ ಹಾಗೆಯೇ ನಂಬಿದರು.

ವಿಷಯ ತಿಳಿದ ಹೆಂಡತಿ ಕುಸುಮ ಚೆಲುವರಾಜು ಅವರಿಗೆ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು.

"ಜವರಯ್ಯಣ್ಣನಿಗೆ ಹಂಗಂದ್ರಾ? ನನ್ ಹೆರಿಗೆಗೆ ನೀವು ಊರಲ್ಲಿಲ್ದಾಗ ಆಸ್ಪತ್ರೆಗೆ ಸೇರಿಸ್ದೋರು ಯಾರ್ರೀ?"

"ಅದಕ್ಕೂ ಇದಕ್ಕೂ ಏನೇ ಸಂಬಂಧ? ಅಳತೆ ತಪ್ಪಿದ್ರೆ ತಪ್ತು ಅನ್ಬೇಕು."

"ಅಳತೆಯಂತೆ! ಅಳೀರಿ, ಮನುಷ್ರುನ್ನೂ ಅಳೀರಿ" ಎಂದು ಅವರು ಒಳಗೆ ಹೋದರು.

ವಾರಂಟಿಯ ಅವಧಿ ಮುಗಿಯಲು ಕೆಲವೇ ದಿನ ಉಳಿದಿರುವಾಗ ಚೆಲುವರಾಜು ಮೂರನೆಯ ಬಾರಿ ಮೆಟ್ಟಿಲು ಹತ್ತಿದರು. ಈ ಸಲ ಹೊಂದಿಸುವ ಮಾತೇ ಇಲ್ಲ. ಬದಲಿ ವಾಚು ಕೊಡಬೇಕು. ಬದಲಿ ಕೊಡಿಸುವುದಾದರೆ ಸವರಿಯಪ್ಪ ಕಂಪನಿಗೆ ನಿಜವಾದ ದೋಷವೊಂದನ್ನು ತೋರಿಸಬೇಕಾಗಿತ್ತು. "ಒಂದು ವಾರ ಬಿಟ್ಟೋಗಿ ಸಾರ್, ನಾನೇ ಕಟ್ಕಂಡು ನೋಡ್ತೀನಿ" ಎಂದು ಇಟ್ಟುಕೊಂಡರು.

ಅವರ ಕೈಯಲ್ಲಿ ವಾಚು ಹಿಂದೆ ಬೀಳಲಿಲ್ಲ; ಮಿತಿಯನ್ನೂ ಮೀರಿ ಮುಂದೆ ಓಡಿತು. ಸವರಿಯಪ್ಪ ಹಿಂಬದಿಯ ಮುಚ್ಚಳ ತೆಗೆದು ನೋಡಿದರು. ಓಡಿಸುತ್ತಿದ್ದುದು ತಾವೇ ಎರಡು ಬಾರಿ ಮುಂದಕ್ಕೆ ತಳ್ಳಿದ ಕಡ್ಡಿ. ಅದನ್ನು ಕಾರ್ಖಾನೆಯಿಂದ ಬಂದಾಗಿನ ಸ್ಥಾನಕ್ಕೇ ಹಿಂದಿರುಗಿಸಿ ಮತ್ತೆ ಕಟ್ಟಿಕೊಂಡರು. ಕೆಲಸದ ಮೇಜಿನಲ್ಲೂ ಭಾನುವಾರದ ಚರ್ಚಿನ ಪೂಜೆಯಲ್ಲೂ ಅದು ಪಂಚಾಂಗದ ಹಾಗೆ ಪ್ರಾಮಾಣಿಕವಾಗಿ ನಡೆಯಿತು. ಆ ವಾಚಿನಲ್ಲಿ ಎಂದೂ ದೋಷವಿರಲಿಲ್ಲ.

ಚೆಲುವರಾಜು ಬಂದಾಗ ಅವರು ಎದ್ದು ನಿಂತೇ ಮಾತಾಡಿದರು.

"ವಾಚು ಚೆನ್ನಾಗೈತೆ ಸಾರ್. ನೀವು ಯಾವ ಕೈಗೆ ಕಟ್ತೀರ?"

"ಇದೇನ್ ಕೇಳ್ತೀರಿ? ಎಲ್ರಂಗೆ ಎಡಗೈಗೆ."

"ಒಂದು ನಾಲ್ಕು ದಿನ ಬಲಗೈಗೆ ಕಟ್ಕಂಡು ನೋಡಿ. ಆಗ್ಲೂ ಹಿಂದೆ ಬಿದ್ರೆ ನನ್ ಕೈಯಿಂದ ಹೊಸಾದ್ ಕೊಡ್ತೀನಿ."

ಚೆಲುವರಾಜು ಕೆರಳಿದರೂ ಪರೀಕ್ಷೆಯೊಂದನ್ನು ನಿರಾಕರಿಸುವುದು ಅವರ ಸ್ವಭಾವದಲ್ಲಿರಲಿಲ್ಲ. ಬಲಗೈಗೆ ಕಟ್ಟಿಕೊಂಡು ಹೋದರು. ಮರುದಿನ ರೇಡಿಯೋ ವಾರ್ತೆಯ ಹೊತ್ತಿಗೆ ಮುಳ್ಳು ಸರಿಯಾಗಿತ್ತು. ಅದರ ಮರುದಿನವೂ ಸರಿಯಾಗಿತ್ತು. ಎಡಗೈಗೆ ಬದಲಿಸಿದರು, ನಿಂತುಹೋಯಿತು. ಮತ್ತೆ ಬಲಗೈಗೆ ಬದಲಿಸಿದರು, ನಡೆಯಿತು.

ಅಂದು ಕೆರೆಯ ಏರಿಯ ಮೇಲೆ ಕುಸುಮ ಬೇಕೆಂದೇ ಹಿಂದೆ ಉಳಿದು ಗಂಡನ ನಡಿಗೆಯನ್ನು ನೋಡಿದರು. ಬಲಗೈ ಹೆಜ್ಜೆಗೆ ತಕ್ಕಂತೆ ಬೀಸುತ್ತಿತ್ತು. ಎಡಗೈ ಮೊಳಕೈಯಲ್ಲಿ ತುಸು ಬಾಗಿ, ಕಾಣದ ಚೀಲವೊಂದನ್ನು ಅವಚಿ ಹಿಡಿದಂತೆ ಪಕ್ಕೆಗೆ ಅಂಟಿಕೊಂಡು ಅಲುಗದೆ ಇತ್ತು. ಈ ನಡಿಗೆ ಅವರಿಗೆ ಹೊಸದೇನಲ್ಲ. ಹೋದ ವರ್ಷದಿಂದ ಕಂಡದ್ದೇ. "ರಿಟೈರಾದ್ಮೇಲೆ ಮಹಾರಾಜ್ರ ನಡಿಗೆ ಬಂದ್ಬುಟ್ಟದೆ ನಿಮಗೆ" ಎಂದು ಅದೇ ಏರಿಯ ಮೇಲೆ ನಕ್ಕಿದ್ದರು. ಈಗ ನಗಲಿಲ್ಲ; ಮರುದಿನವೇ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದರು.

ನರರೋಗದ ವೈದ್ಯರು ಬಹಳ ಹೊತ್ತು ನೋಡಲಿಲ್ಲ. ಬೆರಳಿಗೆ ಬೆರಳು ತಟ್ಟಲು ಹೇಳಿದರು, ಕಾರಿಡಾರಿನಲ್ಲಿ ನಡೆಸಿದರು, ಒಂದು ಸಾಲು ಓದಿಸಿದರು. ಪಾರ್ಕಿನ್ಸನ್ ಎಂದರು. ನಡುಕವಿಲ್ಲದೆಯೂ ಬರುತ್ತದೆ, ಮೊದಲು ಒಂದು ಕೈ ಬೀಸುವುದು ನಿಲ್ಲುತ್ತದೆ, ಮಾತಿನ ದನಿ ತಗ್ಗುತ್ತದೆ. ಗುಣವಾಗುವ ಕಾಯಿಲೆಯಲ್ಲ; ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ಮುಂಚೆಯೇ ಬಂದಿದ್ದರೆ ಈ ವರ್ಷದ ಬಾಳು ಇನ್ನಷ್ಟು ಸಲೀಸಾಗಿರುತ್ತಿತ್ತು ಎಂದೂ ಹೇಳಿದರು.

ಆಟೋದಲ್ಲಿ ಹಿಂದಿರುಗುವಾಗ ಕುಸುಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಚೆಲುವರಾಜು ತಮ್ಮ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು.

"ಜವರಂಗೆ ಅಂದ್ಬುಟ್ನಲ್ಲೇ" ಎಂದರು.

"ಮೊದ್ಲು ನಿಮ್ ಮೈ ನೋಡ್ಕಳಿ."

"ಮೈಗೆ ಮಾತ್ರೆ ಕೊಟ್ಟವ್ರಲ್ಲ. ಇದಕ್ಕೇನ್ ತಗಳ್ಳಿ?"

ಸಂಜೆ ಬಲಗೈಯ ಪರೀಕ್ಷೆ ಏನಾಯಿತೆಂದು ಕೇಳಲು ಸವರಿಯಪ್ಪ ತಾವಾಗಿ ಮನೆಗೆ ಬಂದರು. ಕಾಯಿಲೆಯ ಹೆಸರು ಕೇಳಿ ಕುರ್ಚಿಯ ಅಂಚಿನಲ್ಲಿ ಕುಳಿತರು. "ಒಳ್ಳೇದ್ ಮಾಡ್ತೀನಿ ಅಂತ ಇಲ್ದಿರೋ ದೋಷ ಬರ್ದೆ ಸಾರ್. ಮೊದಲ್ನೇ ದಿನಾನೇ ವಾಚ್ ಮುಟ್ಟಲ್ಲ ಅಂದಿದ್ರೆ ನೀವು ಬೈದ್ಕಂಡು ಹೋಗ್ತಿದ್ರಿ. ಆದ್ರೆ ಇಷ್ಟು ದೂರ ಬರ್ತಿರ್ಲಿಲ್ಲ" ಎಂದರು. ಚೆಲುವರಾಜು ಸವರಿಯಪ್ಪನವರ ಕೈ ಹಿಡಿದುಕೊಂಡರು.

ಜವರಯ್ಯನ ಮನೆ ಮೇಟಗಳ್ಳಿಯಲ್ಲೇ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದವರು ಗೇಟಿನ ಸದ್ದಿಗೆ ತಲೆಯೆತ್ತಿದರು. ಮತ್ತೆ ಅವರೆಕಾಯಿಯ ಕಡೆ ನೋಡಿದರು. ಚೆಲುವರಾಜು ನಿಂತೇ ಎಲ್ಲವನ್ನೂ ಹೇಳಿದರು: ಕೈ, ವಾಚು, ಚೀಟಿ, ವೈದ್ಯರು. ಕಾಯಿಲೆಯ ಮಾತು ಬಂದಾಗ ಜವರಯ್ಯನ ಬೆರಳು ನಿಂತವು.

"ಕೂತ್ಕೊ. ಎಷ್ಟೊತ್ತು ನಿಂತಿರೀಯೆ. ಕಾಲ್ಗೂ ಬಂದಿದ್ದದಾ?"

"ಇನ್ನೂ ಇಲ್ಲ."

"ನಿನ್ ಕೈ ಸೊಟ್ಟ ಇರಾದು ನಾನೂ ನೋಡಿದ್ದೆ ಕಣ್ಲಾ. ಅವತ್ತು ಸಭೇಲಿ ಚೀಟಿ ಎತ್ತಿಡ್ಕಂಡಾಗ ಆ ಕೈ ಒಂದಿಷ್ಟೂ ಆಡ್ಲಿಲ್ಲ. ಸಿಟ್ಟಲ್ಲಿ ಬಿಗೀ ಇಡ್ಕಂಡವ್ನೆ ಅನ್ಕಂಡೆ." ಒಂದು ಕಾಯಿ ಸುಲಿದು ತಟ್ಟೆಗೆ ಹಾಕಿದರು. "ಆ ವಾಚ್ಗೆ ನಾನು ಮೂರ್ ಅಂಗ್ಡಿ ಸುತ್ದೆ. ಬೀಗ ಅದ್ನ ಅಸಲ್ಗೇ ಕೊಟ್ಟ. ನೀನು ಬ್ಯಾಟ್ರಿದು ಕಟ್ಟಲ್ಲ ಅಂತ ಗೊತ್ತಿತ್ತಲ್ಲ, ಅದ್ಕೆ."

"ತಪ್ಪಾಯ್ತು ಜವರ."

"ದಿನಾ ಬೆಳಿಗ್ಗೆ ಅಳತೆ ಸರಿ ಇರೋ ಮಾಸ್ಟರ್ ಪೀಸ್ ಮೇಲೆ ಗೇಜ್ ಇಟ್ಟು, ಗೇಜ್ ಸರಿಯಾಗದಾ ಅಂತ ನೋಡ್ದೆ ಒಂದ್ ಪೀಸ್ನೂ ಮುಟ್ತಿರ್ಲಿಲ್ಲ ನೀನು. ನಮ್ ಲೇತ್ನೋರೆಲ್ಲ ಬೈಕತಿದ್ದೋ, ಈ ಯಪ್ಪ ಕೆಲ್ಸ ಶುರು ಮಾಡಕ್ ಬುಡಲ್ಲ ಅಂತ. ನನ್ ವಿಷ್ಯದಲ್ಲಿ ಯಾಕ್ಲಾ ಗೇಜ್ ನೋಡ್ಲಿಲ್ಲ?"

ಚೆಲುವರಾಜು ತಲೆ ತಗ್ಗಿಸಿದರು. ಅವರ ವೃತ್ತಿಯ ಮೊದಲ ಪಾಠ ಅದು: ಅಳೆಯುವ ಸಾಧನ ಶುದ್ಧವೆಂದು ತಿಳಿದ ಮೇಲೆಯೇ ಅಳೆದ ವಸ್ತುವಿನ ಮೇಲೆ ತಪ್ಪು ಹೊರಿಸಬೇಕು. ಎಷ್ಟೋ ಹೊಸಬರಿಗೆ ಅದನ್ನು ತಾವೇ ಕಲಿಸಿದ್ದರು.

"ಮನ್ನಿಸಿವ್ನಿ, ಓಗು" ಎಂದರು ಜವರಯ್ಯ ಕೊನೆಗೆ. "ನಂಗ್ ಏಳಬ್ಯಾಡ. ನಾನು ಕದ್ದಿಲ್ಲ ಅಂತ ನಂಗ್ ಗೊತ್ತದೆ. ಎಲ್ಲಿ ಅಂದ್ಯೋ ಅಲ್ಲೇ ಏಳು. ನಿನ್ ಬಾಯಲ್ಲೇ ಏಳು. ಅಂಗ್ಡೀಲಿ, ಹಾಲಿನ ಬೂತಲ್ಲಿ, ನನ್ನ ನೋಡ್ದೋರು ಈಗ್ಲೂ ಮಾತ್ ನಿಲ್ಲಿಸ್ಬುಡ್ತರೆ ಕಣೊ."

ಮುಂದಿನ ಸಭೆಯವರೆಗೆ ಚೆಲುವರಾಜು ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಜಪದಂತೆ ತಿರುಗಿಸಿದರು. ಆ ತಿಂಗಳುಗಳಲ್ಲಿ ಮಾತ್ರೆ ಕೈಯನ್ನು ಕೊಂಚ ಸಡಿಲಿಸಿತು. ದನಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಅಡುಗೆಮನೆಯಿಂದ ಕುಸುಮ "ಏನಂದ್ರಿ?" ಎಂದು ಕೇಳುವುದು ಹೆಚ್ಚಾಯಿತು. ತಮ್ಮ ಕಿವಿಗೆ ತಮ್ಮ ದನಿ ಮೊದಲಿನಂತೆಯೇ ಕೇಳುತ್ತಿದ್ದುದರಿಂದ ಅವಳ ಕಿವಿಯೇ ಮಂದವಾಯಿತೆಂದು ಅವರು ತಿಳಿದಿದ್ದರು.

ಸಭೆಯ ದಿನ ಭವನ ತುಂಬಿತ್ತು. ಜವರಯ್ಯ ಬಂದಿರಲಿಲ್ಲ. ವಾಗೀಶ ಅವಕಾಶ ಕೊಟ್ಟಾಗ ಚೆಲುವರಾಜು ಮುಂದೆ ಬಂದು ನಿಂತು, ಕೈಮುಗಿದು ಹೇಳಿದರು:

"ಆ ವಾಚಲ್ಲಿ ಯಾವ ದೋಷಾನೂ ಇರ್ಲಿಲ್ಲ. ದೋಷ ಇದ್ದಿದ್ದು ನನ್ ಕೈಯಲ್ಲಿ. ಜವರಯ್ಯನ ಮೇಲೆ ನಾನು ಹೊರಿಸಿದ್ದು ಸುಳ್ಳು. ಅವನು ಚಿನ್ನದಂಥ ಮನುಷ್ಯ."

ಮಾತು ಒಂದರೊಳಗೊಂದು ಸೇರಿಕೊಂಡು, ಬಾಯಿಯಿಂದ ಹೊರಟ ಸ್ವಲ್ಪ ದೂರದಲ್ಲೇ ಉದುರಿಹೋಯಿತು. ಮುಂದಿನ ಸಾಲಿನವರು ಕಿವಿಗೆ ಕೈಯಿಟ್ಟರು. ಹಿಂದಿನಿಂದ ಯಾರೋ ಕೂಗಿದರು.

"ಜೋರಾಗ್ ಹೇಳಣ್ಣೋ! ಕೇಳಕಿಲ್ಲ!"

ಅವರು ಮತ್ತೆ ಹೇಳಿದರು. ಕತ್ತಿನ ನರ ಉಬ್ಬಿತು, ದನಿ ಏರಲಿಲ್ಲ. ನಡುವಿನ ಬೆಂಚಿನಲ್ಲಿ ಪಿಸುಮಾತು ಶುರುವಾಯಿತು.

"ಏನಂತೆ?"

"ಅದೇ ವಾಚ್ ವಿಷ್ಯ. ಏನೋ ದೋಷ, ಜವರಯ್ಯ, ಸುಳ್ಳು ಅಂತಾವ್ನೆ."

"ಇನ್ನೂ ಬುಟ್ಟಿಲ್ವಾ ಅದ್ನ? ಪಾಪ, ಆ ಯಪ್ಪ ಬರಾದೇ ಬುಟ್ಬುಟ್ಟ."

ಹತ್ತಿರದಲ್ಲಿದ್ದ ವಾಗೀಶ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ರಾಜು, ನಾನು ಹೇಳ್ಬುಡ್ಲಾ ಜೋರಾಗಿ?" ಎಂದು ಬಗ್ಗಿ ಕೇಳಿದರು. ಚೆಲುವರಾಜು ಬೇಡವೆಂದು ತಲೆಯಾಡಿಸಿದರು. ನಿನ್ನ ಬಾಯಲ್ಲೇ ಹೇಳು ಎಂದಿದ್ದನಲ್ಲ ಜವರಯ್ಯ. ಅವರು ಅಲ್ಲಿಂದ ಹೊರಟು, ಬೆಂಚಿನಿಂದ ಬೆಂಚಿಗೆ ಹೋಗಿ, ಒಬ್ಬೊಬ್ಬರ ಎದುರೂ ನಿಂತು ಆ ಮಾತನ್ನೇ ಹೇಳತೊಡಗಿದರು. ಕೆಲವರು ಭುಜ ತಟ್ಟಿದರು. "ಹೋಗ್ಲಿ ಬುಡಣ್ಣ, ಹಳೇ ಮಾತು" ಎಂದರು ಕೆಲವರು. ಎರಡು ಸಾಲು ಮುಗಿಯುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರೆಂದು ಕೂಗು ಬಂತು, ಸಭೆ ಎದ್ದಿತು.

ಚೆಲುವರಾಜು ಸುಮ್ಮನಾಗಲಿಲ್ಲ. ಎಳೆಯುವ ಹೆಜ್ಜೆಯಲ್ಲಿ ಕೈ ತೊಳೆಯುವವರ ಸಾಲಿನ ಕಡೆ ನಡೆದು, ಕೊನೆಯಲ್ಲಿದ್ದವರ ತೋಳು ಮುಟ್ಟಿದರು. ಈಚೆಗಷ್ಟೇ ನಿವೃತ್ತರಾಗಿ ಸಂಘಕ್ಕೆ ಸೇರಿದ ಕಾಳಯ್ಯ ಎಂಬುವರು ಅವರು.

"ಜವರಯ್ಯ ಏನೂ ತಪ್ಪು ಮಾಡಿಲ್ಲ."

ಕಾಳಯ್ಯ ಕಿವಿಯನ್ನು ಹತ್ತಿರ ತಂದರು. ಎರಡನೆಯ ಸಲ ಕೇಳಿಸಿತು.

"ಯಾವ್ ಜವರಯ್ಯ ಅಣ್ಣ, ನಮ್ ಲೇತ್ ಜವರಯ್ಯನಾ?" ಅವರ ಮುಖದಲ್ಲಿ ನಿಜವಾದ ಕುತೂಹಲ ಮೂಡಿತು. "ಯಾಕೆ, ಏನ್ ಮಾಡ್ಬುಟ್ಟ ಅಂತಿದ್ರು?"

ಚೆಲುವರಾಜು ಬಾಯಿ ತೆರೆದರು. ಆ ಸುಳ್ಳನ್ನು ಹಿಂತೆಗೆದುಕೊಳ್ಳಬೇಕಾದರೆ ಇವರಿಗೆ ಅದನ್ನು ಮೊದಲು ಹೇಳಬೇಕಾಗಿತ್ತು. ಸಾಲು ಮುಂದೆ ಸರಿಯಿತು. ಕಾಳಯ್ಯ ಸರಿಯದೆ ಕಿವಿಗೊಟ್ಟು ನಿಂತರು. ಚೆಲುವರಾಜು ಮೊದಲಿನಿಂದ ಹೇಳತೊಡಗಿದರು.